ಆರ್‌ಡಿ 350ರ ಎರಡು ಕಾರ್ಬೊರೇಟರ್: ಮೊದಲು ಸಮ ಮಾಡಿ, ಆಮೇಲೆ ಟ್ಯೂನ್ ಮಾಡಿ

ಎರಡು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿಗೆ ಐಡ್ಲಿಂಗ್ (ಆಕ್ಸಲರೇಟರ್ ಬಿಟ್ಟಾಗಿನ ಓಟ) ಸ್ಥಿರವಾಗಿ ನಿಲ್ಲುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್‌ಗೆ. ಬಲಗಡೆ ಅರ್ಧ ಸುತ್ತು, ಎಡಗಡೆ ಕಾಲು ಸುತ್ತು, ಸ್ವಲ್ಪ ರೇಸ್ ಮಾಡಿ ನೋಡು, ಮತ್ತೆ ಬಲಗಡೆ ಕಾಲು ಸುತ್ತು. ಸಿಂಗಲ್ ಸಿಲಿಂಡರ್ ಗಾಡಿ ಹೀಗೆ ಮಾಡಿದರೂ ಎಷ್ಟೋ ಸಲ ದಾರಿಗೆ ಬರುತ್ತದೆ. ಆರ್‌ಡಿ 350 ಬೈಕ್ ಬರುವುದಿಲ್ಲ. ಅದು ಟೂ ಸ್ಟ್ರೋಕ್ ಟ್ವಿನ್, ಅಂದರೆ ಎರಡು ಸಿಲಿಂಡರಿನದು. ಒಂದೊಂದು ಸಿಲಿಂಡರಿಗೂ ಅದರದೇ ಕ್ರ್ಯಾಂಕ್‌ಕೇಸ್ ಕೋಣೆ, ಅದರದೇ ರೀಡ್ ವಾಲ್ವ್ (ಒಳಗೆ ಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಬಾಗಿಲು), ಅದರದೇ ಪಾಯಿಂಟ್ಸ್ (ಕಿಡಿ ಬೀಳಿಸುವ ಸ್ವಿಚ್), ಅದರದೇ ಕಾರ್ಬೊರೇಟರ್. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಸೊರಗಿದರೆ ಇನ್ನೊಂದು ಎಳೆಯುವ ಹಾಗೆ, ಒಂದು ಸಿಲಿಂಡರ್ ಅರೆಬರೆ ಉರಿಯುತ್ತಿದ್ದರೂ ಇನ್ನೊಂದು ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ, ಮೇಲೆ ಕೂತವರಿಗೆ ‘ಪಿಕಪ್ ಸ್ವಲ್ಪ ಕಡಿಮೆ’ ಅನ್ನಿಸುತ್ತದೆ ಅಷ್ಟೇ.

ನಾನು ಕೈ ಹಾಕಿದ ಗಾಡಿ 1984ರ ಹೈ ಟಾರ್ಕ್ ಮಾದರಿ. ಯಮಹಾದ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜದೂತ್ ಹೆಸರಿನಲ್ಲಿ ಇಲ್ಲಿ ಮಾಡಲು ಶುರು ಮಾಡಿತು. 347 ಸಿಸಿ, 6 ಗೇರು. ಮೊದಲು ಬಂದ ಹೈ ಟಾರ್ಕ್ ಗಾಡಿಗೆ 30.5 ಬಿಎಚ್‌ಪಿ, ಮೈಲೇಜ್ ಬೇಕು ಅಂತ ಆಮೇಲೆ ತಂದ ಲೋ ಟಾರ್ಕ್‌ಗೆ 27. ಈ ಗಾಡಿ ನನ್ನ ಸೋದರಮಾವನದು. ಬೀದರಿನಲ್ಲಿ ಶೆಡ್ಡಿನೊಳಗೆ ತುಂಬಾ ಕಾಲ ಸುಮ್ನೆ ನಿಂತಿತ್ತು. ಕಲಬುರಗಿಗೆ ಟೆಂಪೋದಲ್ಲಿ ಹಾಕಿಕೊಂಡು ಬಂದೆ. ಎಂಜಿನ್ ಕೆಲಸ ಮೊದಲೇ ಆಗಿದೆ, ಹೊಸ ಪಿಸ್ಟನ್, ಹೊಸ ಕ್ರ್ಯಾಂಕ್ ಸೀಲ್. ಉಳಿದದ್ದು ಕಾರ್ಬೊರೇಟರ್ ಕೆಲಸ, ನಾನು ಬರೆಯುತ್ತಿರುವುದೂ ಅದರ ಬಗ್ಗೆಯೇ.

ತೊಂದರೆ ಹೀಗಿತ್ತು. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟರೆ ಕುಂಟುತ್ತದೆ. ಬಲಗಡೆ ಸೈಲೆನ್ಸರಿನಿಂದ ದಟ್ಟ ಹೊಗೆ, ಎಡಗಡೆ ಹೊಗೆಯೇ ಕಾಣುವುದಿಲ್ಲ. ಆಕ್ಸಲರೇಟರ್ ಬಿಟ್ಟಾಗ ಆರ್‌ಪಿಎಂ ಕೂಡಲೇ ಇಳಿಯುವುದಿಲ್ಲ, ಒಂದು ಗಳಿಗೆ ಮೇಲೇ ನಿಂತು ನಿಧಾನಕ್ಕೆ ಇಳಿಯುತ್ತದೆ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರ್‌ಪಿಎಂ ಮೇಲೇ ನಿಲ್ಲುತ್ತಿದೆ ಅಂದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಮಿಶ್ರಣ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗಿದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆ ಆದರೆ ಬಿಸಿ ಏರುತ್ತದೆ, ಪಿಸ್ಟನ್ ಜಾಮ್ ಆಗುತ್ತದೆ. ಹೊಗೆ ಬರುವ ಬಲಗಡೆ ಬಗ್ಗೆ ಎಲ್ಲರಿಗೂ ಚಿಂತೆ. ನನಗೆ ಚಿಂತೆ ಆಗಿದ್ದು ಹೊಗೆ ಬಾರದ ಎಡಗಡೆಯದ್ದು.

ಕಾರ್ಬೊರೇಟರ್ ಬಿಚ್ಚುವ ಮೊದಲು ಪಾಯಿಂಟ್ಸ್ ನೋಡಿದೆ. ಈ ಕ್ರಮ ತಪ್ಪಿಸಬಾರದು. ಕಿಡಿ ಸರಿಯಾದ ಹೊತ್ತಿಗೆ ಬೀಳದಿದ್ದರೆ ಕಾರ್ಬೊರೇಟರಿನಲ್ಲಿ ಏನು ಮಾಡಿದರೂ ದಂಡ. ಎರಡೂ ಪಾಯಿಂಟ್ ಗ್ಯಾಪ್ 0.3ರಿಂದ 0.4 ಮಿ.ಮೀ. ಒಳಗೆ ತಂದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುದಿ ಮುಟ್ಟುವುದಕ್ಕೆ 2 ಮಿ.ಮೀ. ಇರುವಾಗ ಪಾಯಿಂಟ್ ಬಿಡುವ ಹಾಗೆ ಎರಡೂ ಕಡೆ ಟೈಮಿಂಗ್ ಕೂರಿಸಿದೆ. ಎರಡಕ್ಕೂ ಹೊಸ ಎನ್‌ಜಿಕೆ ಬಿ8ಎಚ್‌ಎಸ್ ಪ್ಲಗ್. ಇಷ್ಟಾದ ಮೇಲೂ ಕುಂಟು ಹಾಗೇ ಇತ್ತು. ಸರಿ, ಇನ್ನು ಕಾರ್ಬೊರೇಟರನ್ನೇ ಕೇಳಬೇಕು.

ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್ ಬಿಚ್ಚಿದಾಗ ಎಡಗಡೆಯದರ ತಳದಲ್ಲಿ ಬಿಳಿ ಪುಡಿ, ಅದರ ಮೇಲೆ ಬೆಲ್ಲದ ಪಾಕದ ಬಣ್ಣದ ಅಂಟು. ಅಂಟು ಹಳೇ ಪೆಟ್ರೋಲ್ ಆರಿ ಉಳಿದದ್ದು. ಬಿಳಿ ಪುಡಿ ನೀರಿನ ಕೆಲಸ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಎಥನಾಲ್ ನೀರು ಹೀರುತ್ತದೆ, ಆ ನೀರು ಬೌಲಿನ ತಳದಲ್ಲಿ ಕೂತು ಲೋಹವನ್ನು ತಿನ್ನುತ್ತದೆ. ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ತೂತಿನ ಪೈಲಟ್ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದೆ. ಬಲಗಡೆಯ ಜೆಟ್‌ನಲ್ಲಿ ಬೆಳಕಿನ ಚುಕ್ಕೆ ದುಂಡಗೆ, ಚೊಕ್ಕ. ಎಡಗಡೆಯದರಲ್ಲಿ ಚುಕ್ಕೆ ಅರ್ಧ ಮುಚ್ಚಿದೆ, ಅಂಚು ಹರಿದ ಹಾಗಿದೆ. ಲೂಪ್ (ಭೂತಗನ್ನಡಿ) ಹಾಕಿ ನೋಡಿದರೆ ಹಿತ್ತಾಳೆಯ ಮೇಲೆ ಉದ್ದುದ್ದ ಗೀರು. ಹಿಂದೆ ಯಾರೋ ಸ್ಟೀಲ್ ತಂತಿ ಚುಚ್ಚಿ ಕ್ಲೀನ್ ಮಾಡಿದ್ದಾರೆ.

ಇದು ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ನಡೆಯುವ ಮಾತು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಜೆಟ್ ಅಂದರೆ ಅಳತೆಯ ತೂತು. ಮಿಕುನಿ (ಕಾರ್ಬೊರೇಟರ್ ಕಂಪನಿ) ಜೆಟ್ ಮೇಲೆ ಕೆತ್ತಿರುವ ನಂಬರ್ ಆ ಅಳತೆಯನ್ನೇ ಹೇಳುತ್ತದೆ. ಹಿತ್ತಾಳೆ ಮೆತ್ತಗೆ, ಸ್ಟೀಲ್ ತಂತಿ ಗಟ್ಟಿ. ಒಂದು ಸಲ ಚುಚ್ಚಿ ತಿರುಗಿಸಿದರೆ ನಂಬರ್ ಅದೇ ಇರುತ್ತದೆ, ತೂತು ಅದೇ ಇರುವುದಿಲ್ಲ. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿಡಿ, ಗಾಳಿ ಹೊಡೆಯಿರಿ, ಅದಕ್ಕೂ ಬಗ್ಗದಿದ್ದರೆ ವೈರಿನೊಳಗಿನ ಸಣ್ಣ ತಾಮ್ರದ ಎಳೆ ಒಂದನ್ನು ಮೆಲ್ಲಗೆ ಹಾಯಿಸಿ. ಅಷ್ಟಕ್ಕೂ ಬಾರದಿದ್ದರೆ ಹೊಸ ಜೆಟ್ ತನ್ನಿ. ನಾನು ಎರಡೂ ಕಡೆಗೆ ಒಂದೇ ನಂಬರಿನ ಹೊಸ ಪೈಲಟ್ ಜೆಟ್ ತರಿಸಿದೆ. ಡೂಪ್ಲಿಕೇಟ್ ಕಿಟ್ ಅಗ್ಗಕ್ಕೆ ಸಿಗುತ್ತದೆ, ಅದರ ಗ್ಯಾಸ್ಕೆಟ್ ಬೇಕಾದರೆ ಬಳಸಿ, ಜೆಟ್ ಮಾತ್ರ ಬೇಡ. ಎರಡು ಕಾರ್ಬೊರೇಟರಿನ ಗಾಡಿಗಂತೂ ಬೇಡವೇ ಬೇಡ, ಯಾಕೆಂದರೆ ಇಲ್ಲಿ ಜೆಟ್ ಸರಿ ಇದ್ದರೆ ಸಾಲದು, ಎರಡೂ ಒಂದೇ ಥರ ಇರಬೇಕು.

ಮೇನ್ ಜೆಟ್ ಬಿಚ್ಚಿದಾಗ ಕಥೆ ಇನ್ನೂ ಬಿಚ್ಚಿಕೊಂಡಿತು. ಬಲಗಡೆಯ ನಂಬರ್ ಎಡಗಡೆಗಿಂತ ಎರಡು ಮೆಟ್ಟಿಲು ದೊಡ್ಡದು. ಆಕ್ಸಲರೇಟರ್ ಎಳೆದಂತೆ ಮೇಲೇಳುವ ತಡೆಗೆ ಸ್ಲೈಡ್ ಅನ್ನುತ್ತಾರೆ, ಅದರಿಂದ ಇಳಿಬಿದ್ದ ಸೂಜಿಯೇ ನೀಡಲ್. ನೀಡಲ್ ಕ್ಲಿಪ್ ನೋಡಿದರೆ ಎಡಗಡೆ ನಡುವಿನ ಕಚ್ಚಿನಲ್ಲಿ, ಬಲಗಡೆ ಅದಕ್ಕಿಂತ ಕೆಳಗಿನ ಕಚ್ಚಿನಲ್ಲಿ. ಕ್ಲಿಪ್ ಕೆಳಗೆ ಇಳಿದಷ್ಟೂ ನೀಡಲ್ ಮೇಲೆ ಏರುತ್ತದೆ, ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ. ಅಂದರೆ ಬಲಗಡೆ ರಿಚ್, ಎಡಗಡೆ ಲೀನ್, ಇದನ್ನೆಲ್ಲ ಮುಚ್ಚಲು ಹೊರಗಿನ ಸ್ಕ್ರೂಗಳನ್ನು ಮನಬಂದಂತೆ ತಿರುಗಿಸಿಟ್ಟಿದ್ದಾರೆ. ಕಿವಿಗೆ ಸರಿ ಕೇಳಿಸುವವರೆಗೆ ತಿರುಗಿಸುತ್ತಾ ಹೋದರೆ ಗಾಡಿ ಬಂದು ನಿಲ್ಲುವುದು ಇಲ್ಲಿಗೇ.

ಯಾವ ಭಾಗ ಯಾವಾಗ ಕೆಲಸ ಮಾಡುತ್ತದೆ ಅನ್ನುವುದು ತಲೆಯಲ್ಲಿ ಇದ್ದರೆ ಅರ್ಧ ಗೊಂದಲ ಕಡಿಮೆ. ಆಕ್ಸಲರೇಟರ್ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ರಾಜ್ಯ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗೆರೆ ಎಳೆದಂತೆ ಬೇರೆ ಬೇರೆ ಅಲ್ಲ, ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ. ಆದರೂ ಗಾಡಿ ಎಲ್ಲಿ ತಡವರಿಸುತ್ತದೆ ಅಂತ ಗಮನಿಸಿದರೆ ಎಲ್ಲಿ ಕೈ ಹಾಕಬೇಕು ಅನ್ನುವುದು ತಿಳಿಯುತ್ತದೆ. ಆಕ್ಸಲರೇಟರ್ ಹಿಡಿಯ ಮೇಲೆ ಪೇಪರ್ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಳ್ಳಿ. ತುಂಬಾ ಅನುಕೂಲ.

ನೀಡಲ್ ಮತ್ತು ಅದು ಆಡುವ ತೂತಾದ ನೀಡಲ್ ಜೆಟ್ ಸವೆಯುತ್ತವೆ ಅನ್ನುವುದನ್ನು ಬಹಳ ಜನ ನಂಬುವುದಿಲ್ಲ. ಗಾಡಿ ಓಡಿದಷ್ಟು ಕಾಲವೂ ನೀಡಲ್ ನಡುಗುತ್ತಾ ಜೆಟ್‌ನ ಒಳಗೋಡೆಗೆ ಉಜ್ಜುತ್ತದೆ ಅಲ್ವಾ, ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಲಗಡೆಯ ನೀಡಲ್ ಮೇಲೆ ಉಗುರು ಎಳೆದಾಗ ಒಂದು ಕಡೆ ಸಣ್ಣ ಮೆಟ್ಟಿಲು ತಗುಲಿತು. ಕಣ್ಣಿಗೆ ಹೊಳಪಿನ ಪಟ್ಟಿ ಥರ ಕಾಣುತ್ತದೆ, ಉಗುರಿಗೆ ಮಾತ್ರ ಸ್ಪಷ್ಟ. ಎರಡೂ ಕಡೆ ನೀಡಲ್, ನೀಡಲ್ ಜೆಟ್ ಜೋಡಿಯಾಗಿಯೇ ಬದಲಿಸಿದೆ, ಕ್ಲಿಪ್ ಎರಡರಲ್ಲೂ ನಡುವಿನ ಕಚ್ಚಿಗೆ.

ಬೌಲಿನಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಎತ್ತರಕ್ಕೂ ಇದೇ ಮಾತು. ಗ್ಯಾಸ್ಕೆಟ್ ತೆಗೆದು, ಕಾರ್ಬೊರೇಟರ್ ತಲೆಕೆಳಗು ಮಾಡಿ, ಫ್ಲೋಟಿನ ನಾಲಿಗೆ ವಾಲ್ವಿನ ತುದಿಗೆ ಬರೀ ತಾಗುವಂತೆ ಹಿಡಿದು ವರ್ನಿಯರ್‌ನಿಂದ ಅಳೆದೆ. ಒಳಗಿನ ಸಣ್ಣ ಸ್ಪ್ರಿಂಗ್ ಒತ್ತಿಹೋಗಬಾರದು, ಒತ್ತಿದರೆ ಅಳತೆ ಸುಳ್ಳು ಹೇಳುತ್ತದೆ. ಎರಡರ ನಡುವೆ ಬರಿಗಣ್ಣಿಗೇ ಕಾಣುವಷ್ಟು ವ್ಯತ್ಯಾಸ ಇತ್ತು. ಬೌಲಿನಲ್ಲಿ ಪೆಟ್ರೋಲ್ ಮಟ್ಟ ಕೆಳಗಿದ್ದರೆ ಐಡ್ಲಿಂಗಿನಿಂದ ಫುಲ್‌ವರೆಗೆ ಎಲ್ಲ ಕಡೆ ಲೀನ್, ಮೇಲಿದ್ದರೆ ಎಲ್ಲ ಕಡೆ ರಿಚ್. ಜೆಟ್ ಬದಲಿಸಿ ಇದನ್ನು ಸರಿಮಾಡಲು ಹೋದವರಿಗೆ ಕೊನೆಯೇ ಇಲ್ಲ. ನಾಲಿಗೆಯನ್ನು ಒಂದು ಕೂದಲಿನಷ್ಟು ಬಗ್ಗಿಸುವುದು, ಅಳೆಯುವುದು, ಮತ್ತೆ ಬಗ್ಗಿಸುವುದು. ತಾಳ್ಮೆಯ ಕೆಲಸ, ಆದರೆ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದು, ಸಂದುಗಳು ಅಗಲ. ಫ್ಲೋಟಿನ ಪಿನ್ ಅದರೊಳಗೆ ಹೋದರೆ ಸಿಗುವುದಿಲ್ಲ. ಕೆಳಗೆ ಬಿಳಿ ಧೋತ್ರದ ತುಂಡು ಹಾಸಿಕೊಂಡೇ ಕೂರಬೇಕು.

ಜೋಡಿಸುವ ಮೊದಲು ರಬ್ಬರ್. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಇರುವ ಇನ್‌ಲೆಟ್ ರಬ್ಬರನ್ನು ಬಗ್ಗಿಸಿ ನೋಡಿ, ಸುಮ್ನೆ ಇದ್ದಾಗ ಬಿರುಕು ಕಾಣುವುದಿಲ್ಲ. ಎಡಗಡೆಯದು ಕೆಳಭಾಗದಲ್ಲಿ ಸೀಳಿತ್ತು. ಇನ್ನೊಂದು ಜಾಗ ಎಲ್ಲರೂ ಮರೆಯುವಂಥದ್ದು: ಈ ಗಾಡಿಯಲ್ಲಿ ಚೋಕ್ ಇರುವುದು ಎಡಗಡೆಯ ಕಾರ್ಬೊರೇಟರಿನಲ್ಲಿ, ಬಲಗಡೆಗೆ ಒಂದು ಸಣ್ಣ ಪೈಪಿನ ಮೂಲಕ ಹೋಗುತ್ತದೆ. ಆ ಪೈಪ್ ಬಿರಿದರೂ ಗಾಳಿ ಒಳಗೆ ಬರುತ್ತದೆ. ನಮ್ಮದು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ಎರಡನ್ನೂ ಬದಲಿಸಿ, ಗಾಡಿ ಸ್ಟಾರ್ಟ್ ಮಾಡಿ, ಜೋಡಣೆಗಳ ಸುತ್ತ ಸೋಪಿನ ನೀರು ಸ್ಪ್ರೇ ಮಾಡಿದೆ. ಸೋರುವ ಜಾಗಕ್ಕೆ ನೀರು ಬಿದ್ದರೆ ಎಂಜಿನ್ ಸದ್ದು ಬದಲಾಗುತ್ತದೆ. ಬದಲಾಗಲಿಲ್ಲ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ, ಬಿಸಿ ಎಂಜಿನ್ ಮೇಲೆ ಆ ಕೆಲಸ ಮಾಡಬೇಡಿ.

ಇನ್ನು ಸಮ ಮಾಡುವ ಕೆಲಸ. ಇದಕ್ಕೆ ವ್ಯಾಕ್ಯೂಮ್ ಗೇಜ್ ಬೇಕೇ ಬೇಕು ಅಂತ ಇಲ್ಲ. ಎರಡು ಡ್ರಿಲ್ ಬಿಟ್ ಸಾಕು, ಎರಡೂ ಒಂದೇ ಅಳತೆಯವು. ಏರ್ ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿಟ್ಟರೆ ಎರಡೂ ಸ್ಲೈಡ್ ಎದುರಿಗೇ ಕಾಣುತ್ತವೆ. ಐಡ್ಲಿಂಗ್ ಸ್ಕ್ರೂ ಎರಡನ್ನೂ ಸ್ಲೈಡಿಗೆ ತಾಗದಷ್ಟು ಹಿಂದಕ್ಕೆ ತಿರುಗಿಸಿ, ಸ್ಲೈಡ್ ಪೂರ್ತಿ ಕೆಳಗೆ ಕೂರಲಿ. ಬಿಟ್‌ನ ನುಣುಪಾದ ಹಿಂಭಾಗವನ್ನು ಸ್ಲೈಡಿನ ಕೆಳಗೆ, ಎಂಜಿನ್ ಕಡೆಯ ಅಂಚಿನವರೆಗೆ ತೂರಿಸಿ. ಈಗ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾ ಬಿಟ್ ಎಳೆದರೆ ಎರಡೂ ಕಡೆ ಒಂದೇ ಬಿಗಿ ಕೈಗೆ ಸಿಗಬೇಕು. ಸಣ್ಣ ಬಿಟ್‌ನಿಂದ ಶುರು ಮಾಡಿ. ಇದು ನಿಂತಿರುವಾಗಿನ ಸಮ.

ಓಡುವಾಗಿನ ಸಮ ಕೇಬಲ್‌ನದ್ದು. ಹಿಡಿಯಿಂದ ಬರುವ ಒಂದು ಕೇಬಲ್ ಟ್ಯಾಂಕಿನ ಕೆಳಗೆ ಕವಲೊಡೆದು ಎರಡು ಕಾರ್ಬೊರೇಟರಿಗೆ, ಒಂದು ಆಯಿಲ್ ಪಂಪಿಗೆ ಹೋಗುತ್ತದೆ. ಎರಡೂ ಕಾರ್ಬೊರೇಟರಿನ ಬಾಯಿಗೆ ಒಂದೊಂದು ಬೆರಳು ಇಟ್ಟು, ಸ್ಲೈಡ್ ಮುಟ್ಟಿಕೊಂಡು, ಇನ್ನೊಬ್ಬರಿಗೆ ಆಕ್ಸಲರೇಟರ್ ಮೆಲ್ಲಗೆ ತಿರುಗಿಸಲು ಹೇಳಿ. ಕೂದಲೆಳೆಯಷ್ಟು ಹಿಂದುಮುಂದಾದರೂ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗಿಂತ ಬೆರಳು ಇಲ್ಲಿ ಚುರುಕು. ನಮ್ಮದರಲ್ಲಿ ಬಲಗಡೆ ಮೊದಲು ಏಳುತ್ತಿತ್ತು. ಮೇಲಿನ ಅಡ್ಜಸ್ಟರ್ ತಿರುಗಿಸಿ ಎರಡೂ ಒಟ್ಟಿಗೆ ಏಳುವ ಹಾಗೆ ತಂದು, ಸುಮಾರು 1 ಮಿ.ಮೀ. ಸಡಿಲ ಬಿಟ್ಟು ಲಾಕ್ ನಟ್ ಬಿಗಿ ಮಾಡಿದೆ. ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿದಾಗ ಸ್ಲೈಡ್ ಏಳಬಾರದು, ಅದನ್ನೂ ನೋಡಿಕೊಳ್ಳಿ. ಕೇಬಲ್ ಮುಟ್ಟಿದ ಮೇಲೆ ಆಯಿಲ್ ಪಂಪಿನ ರಾಟೆಯ ಗುರುತು ಮತ್ತೆ ಹೊಂದಿಸಲೇಬೇಕು. ಅದು ಹಿಂದೆ ಬಿದ್ದರೆ ಆಕ್ಸಲರೇಟರ್ ಕೊಟ್ಟಷ್ಟು ಆಯಿಲ್ ಹೋಗುವುದಿಲ್ಲ.

ಏರ್ ಸ್ಕ್ರೂ ಎರಡನ್ನೂ ಮೆಲ್ಲಗೆ ಕೊನೆವರೆಗೆ ಬಿಗಿದು, ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿದೆ. ಈ ಕಾರ್ಬೊರೇಟರಿನಲ್ಲಿ ಸ್ಕ್ರೂ ನಿಯಂತ್ರಿಸುವುದು ಗಾಳಿಯನ್ನು: ಒಳಗೆ ತಿರುಗಿಸಿದರೆ ರಿಚ್, ಹೊರಗೆ ತಿರುಗಿಸಿದರೆ ಲೀನ್. ಎಂಜಿನ್ ಚೆನ್ನಾಗಿ ಬಿಸಿಯಾಗಲು ಹುಮನಾಬಾದ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಆಮೇಲೆ ಒಂದು ಸಿಲಿಂಡರ್ ಮಾತ್ರ ಓಡಿಸಿ ಹೊಂದಿಸಿದೆ. ಇನ್ನೊಂದರ ಪ್ಲಗ್ ಕ್ಯಾಪ್ ತೆಗೆದು, ಅದರಲ್ಲಿ ಬೇರೆ ಪ್ಲಗ್ ಸಿಕ್ಕಿಸಿ ಎಂಜಿನ್ ಮೈಗೆ ಒತ್ತಿ ಕಟ್ಟಬೇಕು. ಕ್ಯಾಪ್ ಗಾಳಿಯಲ್ಲಿ ನೇತಾಡಲು ಬಿಟ್ಟರೆ ಕಾಯಿಲ್ ಹಾಳಾಗುತ್ತದೆ. ಬೇಗ ಮುಗಿಸಿ, ಉರಿಯದ ಕಡೆ ಪೆಟ್ರೋಲ್ ತುಂಬಿಕೊಳ್ಳುತ್ತಾ ಇರುತ್ತದೆ. ಏರ್ ಸ್ಕ್ರೂ ಕಾಲು ಕಾಲು ಸುತ್ತು ಒಳಗೆ ಹೊರಗೆ ಮಾಡಿದಾಗ ಆರ್‌ಪಿಎಂ ಎಲ್ಲಿ ಜಾಸ್ತಿ ಆಗುತ್ತದೋ ಆ ಜಾಗ ಹಿಡಿದು, ಅಲ್ಲಿಂದ ಚೂರು ಒಳಗೆ ತಂದೆ. ಎರಡೂ ಸಿಲಿಂಡರ್ ಒಂಟಿಯಾಗಿ ಒಂದೇ ವೇಗಕ್ಕೆ ಓಡುವಂತೆ ಮಾಡಿ, ಎರಡನ್ನೂ ಸೇರಿಸಿದಾಗ ಏರಿದ ಆರ್‌ಪಿಎಂ ಅನ್ನು ಐಡ್ಲಿಂಗ್ ಸ್ಕ್ರೂಗಳಿಂದ ಎರಡೂ ಕಡೆ ಅಷ್ಟಷ್ಟೇ ಇಳಿಸಿದೆ.

ಸ್ಟೇಷನ್ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ನೋಡಲು ಬಂದಿದ್ದರು. ಆರ್‌ಪಿಎಂ ಮೀಟರ್ ಕಡೆ ಕಣ್ಣೂ ಹಾಯಿಸಲಿಲ್ಲ. ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಸೈಲೆನ್ಸರಿನ ಬಾಯಿಗೆ ಒಂದೊಂದು ಅಂಗೈ ಅಡ್ಡ ಹಿಡಿದರು. ‘ಎಡಗಡೀದು ಇನ್ನಾ ಸ್ವಲ್ಪ ಮೆತ್ತಗ ಹೊಡೀಲಿಕತ್ತದ, ನೋಡ್ರಿ’ ಅಂದರು. ನಾನೂ ಹಿಡಿದು ನೋಡಿದೆ. ನಿಜ, ಬಲಗೈಗೆ ಬಡಿಯುವ ಗಾಳಿಗಿಂತ ಎಡಗೈಗೆ ಬಡಿಯುವುದು ತುಸು ಮೆದು. ಎಡಗಡೆಯ ಐಡ್ಲಿಂಗ್ ಸ್ಕ್ರೂ ಎಂಟನೇ ಒಂದು ಸುತ್ತು ಒಳಗೆ. ಎರಡೂ ಅಂಗೈಗೆ ಒಂದೇ ಬಡಿತ ಬಂತು. ಅವರ ಕೈಗೆ ಇರುವ ಆ ಲೆಕ್ಕ ಯಾವ ಗೇಜಿಗೂ ಕಡಿಮೆ ಇಲ್ಲ.

ರಸ್ತೆಯಲ್ಲಿ ನೋಡುವುದು ಬೆಳಿಗ್ಗೆ, ಲಾರಿಗಳು ಕಡಿಮೆ ಇರುವಾಗ. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ಕಡೆಗೆ ನೇರ ದಾರಿ ಸಿಗುತ್ತದೆ. ಟೇಪಿನ ಗುರುತು ನೋಡಿಕೊಂಡು ಮೊದಲು ಕಾಲು, ಆಮೇಲೆ ಅರ್ಧ. ಅರ್ಧದಲ್ಲಿ ಸ್ವಲ್ಪ ಗೊರಗೊರ ಅನ್ನುತ್ತಿತ್ತು, ರಿಚ್ ಇದ್ದಾಗಿನ ಸದ್ದು ಅದು. ಮೇನ್ ಜೆಟ್ ಎರಡೂ ಕಡೆ ದೊಡ್ಡ ನಂಬರಿನಿಂದಲೇ ಶುರು ಮಾಡಿದ್ದೆ, ಟೂ ಸ್ಟ್ರೋಕ್‌ನಲ್ಲಿ ಯಾವಾಗಲೂ ರಿಚ್ ಕಡೆಯಿಂದ ಇಳಿಯುತ್ತಾ ಬರಬೇಕು, ಲೀನ್ ಕಡೆಯಿಂದ ಏರುತ್ತಾ ಹೋಗಬಾರದು. ಫುಲ್ ಆಕ್ಸಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ, ಉರುಳುತ್ತಾ ಬದಿಗೆ ಬಂದು ನಿಲ್ಲಿಸಿ ಪ್ಲಗ್ ಬಿಚ್ಚುವುದು. ಐಡ್ಲಿಂಗಿನಲ್ಲಿ ಮನೆಯವರೆಗೆ ತಂದು ಬಿಚ್ಚಿದ ಪ್ಲಗ್ ಫುಲ್ ಆಕ್ಸಲರೇಟರಿನ ಕಥೆ ಹೇಳುವುದಿಲ್ಲ. ಎರಡೂ ಪ್ಲಗ್ ಒದ್ದೆ ಕಪ್ಪು ಬಂದವು. ಎರಡರ ಬಣ್ಣವೂ ಒಂದೇ, ನನಗೆ ಅದೇ ದೊಡ್ಡ ಖುಷಿ. ಎರಡೂ ಕಡೆ ಒಂದು ನಂಬರ್ ಇಳಿಸಿದ ಮೇಲೆ ಚಾಕೊಲೇಟ್ ಕಂದು. ಅದಕ್ಕಿಂತ ಕೆಳಗೆ ಇಳಿಸಲಿಲ್ಲ, ಅರ್ಧದ ಗೊರಗೊರವೂ ಬಹುಪಾಲು ಹೋಗಿದೆ.

ಇಲ್ಲಿ ಕಲಬುರಗಿಯ ಹವೆಯ ಲೆಕ್ಕ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ, ಜನವರಿಯ ಬೆಳಗಿನ ಜಾವ 15 ಡಿಗ್ರಿ ಅಂತ ಇಟ್ಟುಕೊಳ್ಳಿ. ಆ ಬಿಸಿಲಿನ ಗಾಳಿ ಈ ಚಳಿಯ ಗಾಳಿಗಿಂತ ಸುಮಾರು ಶೇ 9ರಷ್ಟು ತೆಳು. ತೆಳು ಗಾಳಿಯಲ್ಲಿ ಅದೇ ಜೆಟ್ ರಿಚ್ ಆಗುತ್ತದೆ, ದಟ್ಟ ಗಾಳಿಯಲ್ಲಿ ಲೀನ್ ಆಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಮೈಲೇಜಿಗೆ ಅಂತ ಕೊನೆಯ ಹನಿವರೆಗೆ ಜೆಟ್ ಇಳಿಸಿ, ತೊಗರಿ ರಾಶಿ ಮಾಡುವ ಚಳಿಗಾಲದಲ್ಲಿ ಅದೇ ಗಾಡಿಯನ್ನು ಬೆಳಿಗ್ಗೆ ಫುಲ್ ಎಳೆದರೆ ಪಿಸ್ಟನ್ ಹಿಡಿಯುವ ಅಪಾಯ ಇದೆ. ಅದರ ಮೇಲೆ ಎಥನಾಲ್. ಒಂದು ಕೆ.ಜಿ. ಪೆಟ್ರೋಲ್ ಸುಡಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕೆ.ಜಿ. ಸಾಕು. ಶೇ 20 ಬೆರೆಸಿದ ಪೆಟ್ರೋಲಿಗೆ ಲೆಕ್ಕ ಹಾಕಿದರೆ 13.5ರ ಆಸುಪಾಸು. ಅಂದರೆ ಅದೇ ಗಾಳಿಗೆ ಈಗ ಜಾಸ್ತಿ ಪೆಟ್ರೋಲ್ ಬೇಕು. 1980ರ ದಶಕದ ಪೆಟ್ರೋಲಿಗೆ ಕೂರಿಸಿದ ಜೆಟ್ ಇವತ್ತಿನ ಪೆಟ್ರೋಲಿನಲ್ಲಿ ಲೀನ್ ಓಡುತ್ತದೆ. ‘ಕಂಪನಿ ನಂಬರ್ ಹಾಕಿದೀವಿ, ಇನ್ನೇನು’ ಅನ್ನುವವರು ಇದನ್ನು ಯೋಚಿಸಬೇಕು. ಹಾಗಾಗಿ ನನ್ನ ಮಟ್ಟಿಗೆ ಬೇಸಿಗೆಯಲ್ಲಿ ಸ್ವಲ್ಪ ಹೊಗೆ ಜಾಸ್ತಿ ಇದ್ದರೂ ಪರವಾಗಿಲ್ಲ.

ಈಗ ಗಾಡಿ ಚೋಕ್ ಬಿಟ್ಟ ಮೇಲೂ 1,300 ಆಸುಪಾಸಿನಲ್ಲಿ ನಿಲ್ಲುತ್ತದೆ, ಆಕ್ಸಲರೇಟರ್ ಬಿಟ್ಟರೆ ಕೂಡಲೇ ಇಳಿಯುತ್ತದೆ, ಎರಡೂ ಸೈಲೆನ್ಸರಿನ ಹೊಗೆ ಒಂದೇ ಥರ. ಏರ್ ಸ್ಕ್ರೂ ಬಲಗಡೆ ಒಂದೂಕಾಲು ಸುತ್ತು, ಎಡಗಡೆಯೂ ಅಷ್ಟೇ. ಕ್ಲಿಪ್ ನಡುವಿನ ಕಚ್ಚಿನಲ್ಲಿ. ಬಿಚ್ಚಿದ ದೊಡ್ಡ ಮೇನ್ ಜೆಟ್ ಜೋಡಿಯನ್ನು ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಮತ್ತೆ ಪ್ಲಗ್ ಬಿಚ್ಚಿ ನೋಡುವುದು, ಕಂದು ಬಿಟ್ಟು ಬಿಳಿಗೆ ತಿರುಗಿದ್ದರೆ ಆ ಜೋಡಿ ವಾಪಸ್ ಹಾಕುವುದು. ಅಲ್ಲಿಯವರೆಗೆ ಗಾಡಿ ವಾರಗಟ್ಟಲೆ ನಿಲ್ಲುವ ಹಾಗಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎರಡೂ ಬೌಲ್ ಖಾಲಿ ಮಾಡಿಯೇ ನಿಲ್ಲಿಸಬೇಕು.